ಮೊಲದ ಸಿನಿಮಾದಲ್ಲಿ ಮುಚ್ಚಿಟ್ಟ ಝೇಂಡಾ

ಕಳೆದ ಭಾನುವಾರ ಸ್ಟೇಷನ್ ರಸ್ತೆಯ ಹತ್ತಿರದ ಥಿಯೇಟರಿನಲ್ಲಿ ಸಿನಿಮಾ ಅರ್ಧಕ್ಕೆ ಬಂದಿತ್ತು. ನಮ್ಮ ಅತ್ತೆ ಎದ್ದು ನಿಂತು ಕೂಗಿದರು: "ಸಿಕ್ತು! ಅಲ್ಲೈತಿ ನೋಡ್ರಿ!"

ಏನು ಸಿಕ್ಕಿತು? ಸ್ವಲ್ಪ ಹಿಂದಕ್ಕೆ ಹೋಗೋಣ.

ಮಗಳು ಸಾನ್ವಿಯ ಬರ್ತ್‌ಡೇ. ಕೇಕು ಬೇಡ, ಬಲೂನು ಬೇಡ, ಗೆಳತಿಯರ ಜೊತೆ ಮೊಲದ ಕಾರ್ಟೂನ್ ಸಿನಿಮಾ ಸಾಕು ಎಂದಳು. (ಕೇಕು ಬೇಡ ಎನ್ನುವ ಮಗುವಿಗೆ ಯಾವ ತಾಯಿ ಇಲ್ಲ ಎಂದಾಳು?) ಅಮ್ಮಂದಿರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಎಲ್ಲರನ್ನೂ ಕರೆದೆ. ಹಾರ್ಟ್‌ಗಳು ಬಂದವು. ಹಿಂದೆಯೇ ಒಂದು ಫಾರ್ವರ್ಡ್ ಬಂತು: ಮಕ್ಕಳ ಕಾರ್ಟೂನುಗಳಲ್ಲಿ ಹಿಡನ್ ಅಜೆಂಡಾ, ಎಚ್ಚರ!

ಹಾರ್ಟ್ ಕೊಟ್ಟವರೆಲ್ಲ "ನೋಡೋಣ್ರಿ" ಎನ್ನತೊಡಗಿದರು. ಸಾನ್ವಿ ನನ್ನ ಫೋನು ಹಿಡಿದು, ಬರುವವರ ಹೆಸರಿಗೆ ಮಡಿಸಿದ್ದ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದಳು.

ಮರುದಿನ ಚರ್ಚೆ ನಮ್ಮ ಮನೆಗೇ ಬಂತು. ಗ್ರೂಪಿನ ಶೈಲಾ (ತಿಕೋಟಾದ ದ್ರಾಕ್ಷಿ ಬೆಳೆಗಾರರ ಮಗಳು) ಟ್ರೇಲರನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಬಂದಿದ್ದರು.

"ಆ ಮೊಲ ಅವ್ವಗ ಹೇಳದ ಕೇಳದ ಸಮುದ್ರ ನೋಡಾಕ ಓಡಿ ಹೋಗ್ತೈತ್ರಿ. ಮಕ್ಕಳು ಏನ್ ಕಲೀತಾವ?"

"ನನ್ನ ಮಗಳು ಮೂಲಿ ಅಂಗಡಿಗಿ ಹೋಗಿ ಮೊಸರು ತಾ ಅಂದ್ರ ಹೋಗಂಗಿಲ್ಲ. ಸಮುದ್ರಕ್ಕ ಹೋಗ್ತಾಳೇನ್ರೀ?" ಎಂದರು ಪಕ್ಕದ ಮನೆಯ ನಸ್ರೀನ್.

"ನಗಬ್ಯಾಡ್ರಿ. ಕಳ್ಳರು ಎಲ್ಲಿ ಅಡಗ್ತಾರ? ದ್ರಾಕ್ಷಿ ತೋಟದಾಗ! ನಮ್ಮ ತಿಕೋಟಾದವರಿಗೇ ಅಂದಂಗಾತಲ್ಲ? ಅಜೆಂಡಾ ಮುಚ್ಚಿಟ್ಟಾರ್ರಿ ಪಿಚ್ಚರ್‌ದಾಗ!"

ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಕಥೆ ಮುಗಿದ ಮೇಲೆ "ಮಾರಲ್ ಏನು?" ಎಂದು ಕೇಳುತ್ತಿದ್ದರು. ಈಗ ಕಥೆ ಶುರುವಾಗುವ ಮೊದಲೇ ಕೇಳುತ್ತೇವೆ.

ಮೆಂತ್ಯೆ ಸೋಸುತ್ತಿದ್ದ ಅತ್ತೆ (ನಿಡೋಣಿಯವರು, ಸಿನಿಮಾ ಎಂದರೆ ಅಷ್ಟಕ್ಕಷ್ಟೆ) ತಲೆಯೆತ್ತಿದರು. "ನಾನೂ ಬರ್ತೇನಿ. ಮುಚ್ಚಿಟ್ಟದ್ದು ನನ್ನ ಕಣ್ಣಿಗಿ ತಪ್ಪಂಗಿಲ್ಲ. ಸಿಕ್ಕರ ಎಲ್ಲಾರೂ ಎದ್ದು ಬರೂನು."

ನಿಜ. ನಾನು ಎಲ್ಲಿಟ್ಟರೂ ಬಿಸ್ಕಿಟ್ ಡಬ್ಬಿ ಅವರಿಗೆ ಸಿಗುತ್ತದೆ. ಎಲ್ಲರೂ ಒಪ್ಪಿದರು.

ಹೀಗಾಗಿ ಥಿಯೇಟರಿನಲ್ಲಿ ಅವರು ಕೂಗಿದ್ದೇ ತಡ, ಶೈಲಾ ಮಗಳ ಕೈ ಹಿಡಿದು ಎದ್ದೇಬಿಟ್ಟರು. ಸಾನ್ವಿಯ ಬಾಯಲ್ಲಿ ಪಾಪ್‌ಕಾರ್ನ್ ಅಲ್ಲೇ ನಿಂತಿತು.

"ಎಲ್ಲೈತ್ರಿ ಅತ್ತಿ?" ಎಂದೆ.

"ಕ್ವಾಟಿ ಮ್ಯಾಲ! ಕೆಂಪಂದು! ಝೇಂಡಾ!"

ತೆರೆಯ ಮೇಲಿನ ಕೋಟೆಯ ತುದಿಯಲ್ಲಿ ಕೆಂಪು ಬಾವುಟ. ನಮ್ಮ ಕಡೆ ಬಾವುಟಕ್ಕೆ ಝೇಂಡಾ ಎನ್ನುತ್ತಾರೆ. ಅಜೆಂಡಾ ಎಂದರೂ ಅದೇ ಎಂದುಕೊಂಡ ಅತ್ತೆ, ಪಾಪ, ಮೊಲವನ್ನು ಬಿಟ್ಟು ಅಷ್ಟು ಹೊತ್ತೂ ಸಂದಿಗೊಂದಿಯಲ್ಲಿ ಬಾವುಟ ಹುಡುಕುತ್ತ ಕೂತಿದ್ದರು!

ನಸ್ರೀನ್ ನಕ್ಕರು. ಹಿಂದಿನ ಸಾಲು ನಕ್ಕಿತು. ಶೈಲಾ ಕೂಡ ನಕ್ಕು ಕುಳಿತರು. ಬರ್ತ್‌ಡೇ ಉಳಿಯಿತು.

ಅತ್ತೆಗೆ ಮಾತ್ರ ಸಮಾಧಾನವಿಲ್ಲ. "ಎಲ್ಲಾರಿಗೂ ಕಾಣೂಹಂಗ ಹಾರಾಕತ್ತೈತಿ. ಮುಚ್ಚಿಟ್ಟಾರ ಅಂದವ್ರು ಯಾರ?"

ಒಳಗೊಂದು ಉದ್ದೇಶ ಇಟ್ಟುಕೊಂಡು ಹೊರಗೊಂದು ತೋರಿಸುವುದೇ ಅಜೆಂಡಾ ಎಂದು ಕಿವಿಯಲ್ಲಿ ಹೇಳಿದೆ. "ಹೌದೇನು?" ಎಂದು ಮತ್ತೆ ತೆರೆಯತ್ತ ತಿರುಗಿದರು.

ಮೊಲ ಸಮುದ್ರ ನೋಡಿ ಮನೆಗೆ ಬಂತು. ಅದರ ಅವ್ವ ಬೈದಳು, ಊಟಕ್ಕೆ ಹಾಕಿದಳು. ಶೈಲಾ ಕಣ್ಣೊರೆಸಿಕೊಂಡಿದ್ದನ್ನು ನಾನು ನೋಡಿಲ್ಲ (ಎಂದು ಅವರಿಗೆ ಮಾತು ಕೊಟ್ಟಿದ್ದೇನೆ).

ಹೊರಗೆ ಬಂದರೆ ಅಂಗಡಿಯ ಮುಂದೆ ಅದೇ ಮೊಲ! ಸ್ಕೂಲ್ ಬ್ಯಾಗಿನ ಮೇಲೆ, ಟಿಫಿನ್ ಡಬ್ಬಿಯ ಮೇಲೆ, ವಾಟರ್ ಬಾಟಲಿಯ ಮೇಲೆ. ಚಡ್ಡಿಯ ಮೇಲೂ. ಮಕ್ಕಳು ಓಡಿದರು, ಹಿಂದೆ ನಾವು. ಮೊದಲ ಬ್ಯಾಗು ಇಳಿಸಿಕೊಂಡವರು ಶೈಲಾ. ಅದರ ಪಕ್ಕದ್ದಕ್ಕೆ ಕೈ ಚಾಚಿದವಳು ನಾನು.

ಗಾಳಿಗೆ ತೂಗಾಡುತ್ತಿದ್ದ ಬ್ಯಾಗುಗಳ ಸಾಲನ್ನು ಅತ್ತೆ ತಲೆಯೆತ್ತಿ ನೋಡಿದರು.

"ಯವ್ವಾ, ನೀ ಹೇಳಿದ ಅಜೆಂಡಾ ಇದ ಹೌದಲ್ಲೋ?"