ಮತ್ತೆ ಮಗ್ಗದ ಮುಂದೆ ನಿಂತದ್ದು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಪವರ್‌ಲೂಮ್ ಇಲ್ಲದ ಮನೆ ಕಡಿಮೆ. ನಮ್ಮದೂ ಹಾಗೇ, ಮುಂದೆ ಮಗ್ಗ, ಹಿಂದೆ ಸಂಸಾರ. ಒಂದು ಬೆಳಗ್ಗೆ ಕಡಿದ ಎಳೆ ಕಟ್ಟಲು ಬಾಗಿದಾಗ ನನ್ನ ಸೆರಗು ಮೋಟಾರಿನ ಬೆಲ್ಟಿಗೆ ಸಿಕ್ಕಿತು. ಕುತ್ತಿಗೆ ಬಿಗಿದು, ಕೂಗಲು ದನಿಯೇ ಹೊರಡಲಿಲ್ಲ. ಯಜಮಾನರು ಓಡಿಬಂದು ಸ್ವಿಚ್ ಆರಿಸಿದರು. ಗಾಯ ಬೇಗ ಮಾಯಿತು. ಜೀವ ಉಳಿಯಿತಲ್ಲ, ಮರೆತುಬಿಡು ಅಂದರು ಎಲ್ಲರೂ.

ಮರೆಯಲು ಆಗಲಿಲ್ಲ. ಕರೆಂಟ್ ಹೋದಾಗ ಮಾತ್ರ ನನಗೆ ನೆಮ್ಮದಿ. ಅದು ಮತ್ತೆ ಬಂದು ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಶುರುವಾದರೆ ಕೈಯಲ್ಲಿದ್ದ ಪಾತ್ರೆ ಜಾರಿ ಬೀಳುತ್ತಿತ್ತು, ಉಸಿರು ಕಟ್ಟುತ್ತಿತ್ತು. ಯಜಮಾನರು ಸೋಮಾರಿತನಕ್ಕೆ ನೆಪ ಅಂದುಕೊಂಡರು. ನೆಂಟರು ತಾಯತ ಕಟ್ಟಿಸಿದರು. ನನಗೆ ಹುಚ್ಚು ಹಿಡಿಯುತ್ತಿದೆ ಅಂತಲೇ ನಾನು ನಂಬಿದ್ದೆ.

ಅರ್ಥವಾದದ್ದು ಅತ್ತೆಗೆ. ಮಾವ ಅಪಘಾತದಲ್ಲಿ ಹೋದ ಮೇಲೆ ಲಾರಿ ಸದ್ದು ಕೇಳಿದರೆ ಅವರಿಗೂ ಹೀಗೇ ಆಗುತ್ತಿತ್ತಂತೆ.

“ನಾನು ಯಾರ್ಗೂ ಹೇಳ್ದೆ ನುಂಗ್ಕೊಂಡಿದ್ದು ಸಾಕು ಕಣಮ್ಮ. ನೀನು ನಡಿ, ಡಾಕ್ಟ್ರ ಹತ್ರ ಹೋಗೋಣ” ಅಂದರು.

ಸರ್ಕಾರಿ ಆಸ್ಪತ್ರೆಯ ಮಾನಸಿಕ ವೈದ್ಯೆ ನನ್ನ ಮಾತು ಮುಗಿಯುವವರೆಗೂ ಕೇಳಿಸಿಕೊಂಡರು. “ಇದು ಹುಚ್ಚಲ್ಲಮ್ಮ. ಅಪಾಯ ಮುಗೀತು ಅಂತ ನಿಮ್ಮ ಮೈಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೆ” ಅಂದರು. ಆ ಮಾತಿಗೆ ನಾನು ಅಲ್ಲೇ ಅತ್ತುಬಿಟ್ಟೆ. ಎಷ್ಟೋ ತಿಂಗಳ ಮೇಲೆ ಎದೆ ಹಗುರಾಯಿತು.

ಆಮೇಲೆ ಆಪ್ತಸಮಾಲೋಚಕಿಯ ಬಳಿ ಹೋಗತೊಡಗಿದೆ. ಅಂದು ನಡೆದದ್ದನ್ನು ಸ್ವಲ್ಪಸ್ವಲ್ಪವಾಗಿ ಹೇಳಿಸಿದರು, ಗಾಬರಿಯಾದಾಗ ಉಸಿರು ನಿಧಾನ ಮಾಡುವುದನ್ನು ಕಲಿಸಿದರು. ಯಜಮಾನರನ್ನೂ ಕರೆಸಿ ವಿವರಿಸಿದರು. ಮರುದಿನವೇ ಯಜಮಾನರು ಬೆಲ್ಟಿಗೆ ಕಬ್ಬಿಣದ ಜಾಲರಿ ಹಾಕಿಸಿದರು.

ಮೊದಮೊದಲು ನಿಂತ ಮಗ್ಗದ ಪಕ್ಕ ಸುಮ್ಮನೆ ಕೂರುತ್ತಿದ್ದೆ. ಆಮೇಲೆ ಅದು ಓಡುವಾಗ ಬಾಗಿಲಲ್ಲಿ ನಿಂತೆ. ಒಂದೆರಡು ಸಲ ಅಲ್ಲಿಂದ ಓಡಿದ್ದೂ ಉಂಟು. ಅದಕ್ಕೆ ಯಾರೂ ಬೈಯಲಿಲ್ಲ, ನಾನೂ ನನ್ನನ್ನು ಬೈದುಕೊಳ್ಳಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಸೀರೆಯ ಬದಲು ತೊಟ್ಟ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ನಾನೇ ಸ್ವಿಚ್ ಹಾಕಿದೆ. ಮಗ್ಗ ಓಡತೊಡಗಿತು, ನಾನು ಆರಿಸಲಿಲ್ಲ.

ಈಗ ದಿನಾ ನೇಯುತ್ತೇನೆ. ಎದೆ ಡವಗುಟ್ಟುವುದು ಅಪರೂಪ. ಡವಗುಟ್ಟಿದರೆ ಯಾಕೆಂದು ಗೊತ್ತು, ಏನು ಮಾಡಬೇಕೆಂದೂ ಗೊತ್ತು. ಕಳೆದ ತಿಂಗಳಿಂದ ಅತ್ತೆಯೂ ಅದೇ ಸಮಾಲೋಚಕಿಯ ಬಳಿ ಹೋಗುತ್ತಿದ್ದಾರೆ. ಜೊತೆಗೆ ನಾನಿರುತ್ತೇನೆ.