ಮೂಲ ಪ್ರತಿಗೆ ಕೈ ಹಾಕದ ಟೀಚರಮ್ಮ

ಹಟಕ್ಕೆ ಬಿದ್ದರೆ ನಮ್ಮ ಟೀಚರಮ್ಮನನ್ನು ಬಿಡಿಸುವವರು ಇನ್ನೂ ಹುಟ್ಟಿಲ್ಲ ಬಿಡಿ. ಮೂವತ್ತೆಂಟು ವರ್ಷ ಟೈಪಿಂಗ್ ಕಲಿಸಿ ನಿವೃತ್ತರಾದವರು, ಅರವತ್ತಾರನೆಯ ವಯಸ್ಸಿನಲ್ಲಿ ಪುಸ್ತಕ ನೋಡಿಕೊಂಡು ಮನೆಯ ಕಂಪ್ಯೂಟರಿನಲ್ಲೇ ವೆಬ್ ಸರ್ವರ್ ಹಾಕಿಕೊಂಡಿದ್ದರು. ಹಳೆಯ ವಿದ್ಯಾರ್ಥಿಗಳು ತಮ್ಮ ಹೆಸರು ಒತ್ತಿದರೆ ಸಾಕು, ಮೊದಲ ದಿನ ಮಾಡಿದ ತಪ್ಪುಗಳು, ಅದಕ್ಕೆ ಟೀಚರ್ ಬರೆದ ಷರಾ ಎಲ್ಲ ತೆರೆಯ ಮೇಲೆ ಬರಬೇಕು. ಅದನ್ನು ನೋಡಲೆಂದೇ ಮೊದಲ ತಂಡದವರು ಇವತ್ತು ಐದು ಗಂಟೆಗೆ ಮನೆಗೆ ಬರುವವರಿದ್ದರು.

ಅವರೇನೋ ಬರುತ್ತಾರೆ, ಪುಟ ಬರಬೇಕಲ್ಲ! ಹೆಸರು ಒತ್ತಿದರೆ ಉತ್ತರದ ಬದಲು ಟೀಚರಮ್ಮ ಬರೆದಿದ್ದ ಪಿಎಚ್‌ಪಿ ಕೋಡೇ ಉದ್ದಕ್ಕೂ ಬಿಚ್ಚಿಕೊಳ್ಳುತ್ತಿತ್ತು. ಆ ಕೋಡನ್ನು ಓದಿ ನಡೆಸುವ ಮಾಡ್ಯೂಲ್ ಸರ್ವರಿಗೆ ಸೇರಿಯೇ ಇರಲಿಲ್ಲ. ಸೇರಿಸಿಕೋ ಎಂದು ಸೆಟ್ಟಿಂಗ್ಸ್ ಫೈಲಿನಲ್ಲಿ ಸಾಲು ಬರೆದು ಮೂರು ದಿನವಾಗಿತ್ತು. ಸರ್ವರನ್ನು ಎಷ್ಟು ಸಲ ನಿಲ್ಲಿಸಿ ಶುರು ಮಾಡಿದರೋ! ಜಪ್ಪಯ್ಯ ಅಂದರೂ ಅದು ಬಗ್ಗಲಿಲ್ಲ.

"ಮರ್ಯಾದೆ ಹೋಯ್ತು ಕಣ್ರೀ. ನಾನೇ ಮಾಡಿದೀನಿ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದೀನಿ."

ಬಸ್ ಓಡಿಸಿ ನಿವೃತ್ತರಾಗಿದ್ದ ಗಂಡ ಕನ್ನಡಕ ಏರಿಸಿ ಪಕ್ಕದಲ್ಲಿ ಕೂತರು. "ಅಲ್ಲ ಕಣೇ, ಈ ಫೈಲಿನ ಹೆಸರಲ್ಲಿ 'ನಕಲು' ಅಂತಿದೆಯಲ್ಲ?"

"ಮತ್ತೆ? ಮೂಲ ಪ್ರತಿಗೆ ಯಾರಾದ್ರೂ ಕೈ ಹಾಕ್ತಾರಾ? ತಿದ್ದೋದೆಲ್ಲ ನಕಲಲ್ಲೇ."

"ಸರಿ. ಸರ್ವರ್ ಓದೋದು ಯಾವುದನ್ನ?"

ಟೀಚರಮ್ಮನ ಬೆರಳು ಕೀಲಿಯ ಮೇಲೇ ನಿಂತಿತು. ಮೂಲ ಪ್ರತಿಯ ಮೇಲೆ ಪೆನ್ನಿಟ್ಟವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಹೆಂಗಸು! ಮೂರು ದಿನವೂ ಸರ್ವರ್ ಆ ಮೂಲವನ್ನೇ ಓದುತ್ತಿತ್ತು, ಇವರು ನಕಲನ್ನು ತಿದ್ದಿ ತಿದ್ದಿ ಚೊಕ್ಕ ಮಾಡುತ್ತಿದ್ದರು.

"ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದು ಹಣೆ ಚಚ್ಚಿಕೊಂಡು ಹೊಟ್ಟೆ ಹಿಡಿದು ನಕ್ಕರು.

"ಈಗ ಮೂಲಕ್ಕೇ ಕೈ ಹಾಕ್ಬೇಕಲ್ಲ, ಬೆಂಚಿನ ಮೇಲೆ ನಿಲ್ತೀಯೇನೇ?" ಎಂದರು ಗಂಡ.

ಉಸಿರು ಬಿಗಿಹಿಡಿದು, ಜೀವಮಾನದಲ್ಲಿ ಮೊದಲ ಸಲ, ಟೀಚರಮ್ಮ ಮೂಲ ಪ್ರತಿಯನ್ನು ತಿದ್ದಿದರು. ಸರ್ವರ್ ಮತ್ತೆ ಶುರುವಾಯಿತು.

"ಮೊದಲು ನಂದು ನೋಡೇ." ಮದುವೆಗೆ ಮುಂಚೆ ಟೀಚರಮ್ಮನ ಬಳಿಯೇ ಎರಡೇ ವಾರ ಟೈಪಿಂಗ್ ಕಲಿಯಲು ಬಂದು ಬಿಟ್ಟಿದ್ದವರು ಗಂಡ. ಹೆಸರು ಒತ್ತಿದ್ದೇ ತಡ, ಕೋಡು ಮಾಯವಾಗಿ ಉತ್ತರ ಅಚ್ಚುಕಟ್ಟಾಗಿ ಮೂಡಿತು. ತಪ್ಪುಗಳು: ನಲವತ್ತೊಂದು. ಷರಾ: ಕೀಲಿಗಳನ್ನು ನೋಡದೆ ಟೈಪ್ ಮಾಡುತ್ತಾರೆ, ಸಂತೋಷ. ಆದರೆ ನೋಡುವುದೆಲ್ಲ ಟೀಚರನ್ನು.

ಗಂಡನಿಗೆ ಈ ವಯಸ್ಸಿನಲ್ಲೂ ನಾಚಿಕೆಯಾಯಿತು. ಅಷ್ಟರಲ್ಲಿ ಬಾಗಿಲ ಗಂಟೆ ಮೊಳಗಿತು.

"ಬಂದ್ರು ಕಣೇ! ಆ ಷರಾ ಅಳಿಸೇ, ಬೇಗ!"

"ಆಗಲ್ಲ ರೀ," ಎಂದು ಟೀಚರಮ್ಮ ನಗುತ್ತಾ ಬಾಗಿಲಿಗೆ ನಡೆದರು. "ಅದು ಮೂಲ ಪ್ರತಿ."