ಕುಸುಬೆ ಎಣ್ಣೆ ಹಚ್ಚಿದ ಬಂದೂಕು

ಆಡಕಿ ಊರಿನ ನಮ್ಮ ಮನೆಗೊಂದು ಬಂದೂಕು ಬೇಕೆಂದು ತೀರ್ಮಾನಿಸಿದವರು ಗಂಡಸರು. ಅದನ್ನು ಹಿಡಿಯಬೇಕಾದವಳು ನಾನು. ಈ ಸಂಗತಿ ಅವರಿಗೆ ಹೊಳೆದಿರಲಿಲ್ಲ. ಮೊದಮೊದಲು ನನಗೂ ಹೊಳೆಯಲಿಲ್ಲ.

ಗಡಿಯಾಚೆ ಸ್ವಾತಂತ್ರ್ಯ ಬಂದಿತ್ತು. ನಮ್ಮ ಕಡೆ ಇನ್ನೂ ನಿಜಾಮರ ರಾಜ್ಯ. ನಿನ್ನೆ ಆ ಊರು ಲೂಟಿಯಾಯಿತಂತೆ, ಇವತ್ತು ಈ ಊರಂತೆ ಎಂಬ ಸುದ್ದಿ ದಿನವೂ ಬಾವಿಕಟ್ಟೆಗೆ ಬರುತ್ತಿತ್ತು. ನಾನು ಮದುವೆಯಾಗಿ ಬಂದು ಬಹಳ ಕಾಲವೇನೂ ಆಗಿರಲಿಲ್ಲ. ಯಜಮಾನರು ವಾಡಿ ಸ್ಟೇಷನ್ನಿನ ಗೋದಾಮಿನಲ್ಲಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಬಂದರೆ ಬಂದರು. ಮಾವನವರಿಗೆ ಹಗಲಲ್ಲಿ ಹದ್ದಿನ ಕಣ್ಣು. ಹೊತ್ತು ಮುಳುಗಿತೆಂದರೆ ಮುಂದಿಟ್ಟ ತಾಟೂ ಕಾಣುತ್ತಿರಲಿಲ್ಲ, ಇರುಳುಗಣ್ಣು. ಅತ್ತೆಯೋ, ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಜೀವ ತೆಗೆಯುವ ಸಾಮಾನು ಮುಟ್ಟುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು.

ಮನೆಯಲ್ಲಿ ಆದ ಮಾತು ಇಷ್ಟು: ನಂಬುವಂಥ ಬಂದೂಕು ಸಿಕ್ಕರೆ ಎಲ್ಲರೂ ಊರಲ್ಲೇ ಇರುವುದು. ಸಿಗದಿದ್ದರೆ ಅತ್ತೆ ಮತ್ತು ನಾನು ಗಡಿಯಾಚೆ ಸೋಲಾಪುರಕ್ಕೆ, ಅತ್ತೆಯ ತಮ್ಮನ ಮನೆಗೆ ಹೋಗುವುದು; ಮಾವನವರೊಬ್ಬರೇ ಇಲ್ಲಿ ಉಳಿದು ಮನೆ ಕಾಯುವುದು. ಬಂದೂಕು ಸಿಗಲಿ ಎಂದು ಬೇಡಿಕೊಳ್ಳಬೇಕೋ, ಸಿಗದಿರಲಿ ಎಂದು ಬೇಡಿಕೊಳ್ಳಬೇಕೋ ನನಗೆ ತಿಳಿಯಲಿಲ್ಲ. ಬೆಳಿಗ್ಗೆ ಒಂದು ಬೇಡಿಕೊಂಡರೆ ಸಂಜೆ ಇನ್ನೊಂದು.

ಕಾಡುಹಂದಿಯಿಂದ ಹೊಲ ಕಾಯಲೆಂದು ಪಡೆದ ಹಳೆಯ ಪರವಾನಗಿ ಮಾವನವರ ಹತ್ತಿರ ಇತ್ತು. ಇಲ್ಲದ್ದು ದುಡ್ಡು. ಅಗ್ಗದ್ದಾಗಬೇಕು, ಕೈ ಕೊಡಬಾರದು. ಮಾವನವರ ಗೆಳೆಯರೊಬ್ಬರಿದ್ದರು, ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಬೇಟೆಯ ಕಥೆ ಹೇಳುವುದರಲ್ಲಿ ಅವರ ಸರಿಸಾಟಿ ಇರಲಿಲ್ಲ. ಅವರು ಹೊಡೆದ ಹುಲಿಯನ್ನು ಕಂಡವರೂ ಇರಲಿಲ್ಲ.

"ಚಿಂಚೋಳಿ ಅಡವ್ಯಾಗ ಒಬ್ಬವ ಹಳೀ ಬಂದೂಕು ಮಾರಾಕತ್ತ್ಯಾನ," ಎಂದರು ಕಾಕಾ. "ಮುಂದಿನಿಂದ ಮದ್ದು ತುಂಬಬೇಕು, ಕಬ್ಬಿಣದ ಗಜದಿಂದ ಜಡೀಬೇಕು, ಚಿಂದಿ ತುರುಕಬೇಕು, ಆಮ್ಯಾಲೆ ಗುಂಡು. ಗುರಿ ಅಂದ್ರ ಗುರಿ!"

ಅತ್ತೆ ಒಳಗಿನಿಂದ, "ಅಷ್ಟು ಮಾಡೋದ್ರಾಗ ಕಳ್ಳರು ಉಂಡು, ಕೈ ತೊಳಕೊಂಡು ಹೋಗಿರ್ತಾರ್ರಿ," ಎಂದರು.

ಚಿತ್ತಾಪುರದಲ್ಲಿ ಜೋಡಿ ನಳಿಗೆಯದೊಂದು ಇತ್ತು. ಮಾವನವರು ಹೋಗಿ ನೋಡಿಕೊಂಡು ಬಂದರು. ಹಿಡಿಯ ಮೇಲೆ ಬೆಳ್ಳಿಯ ಬಳ್ಳಿ ಕೆತ್ತಿದ್ದರಂತೆ.

"ಬಲಗಡಿ ನಳಿಗಿ ಹೊಡದಾಗೆಲ್ಲ ಹಾರ್ತದ. ಎಡಗಡಿದು ಅದಕ್ಕ ಮನಸ್ಸ ಬಂದ್ರ ಹಾರ್ತದ," ಎಂದರು.

"ಅಂದ್ರ ನಮ್ಮ ಎತ್ತಿನ ಜೋಡಿ ಹಂಗ," ಎಂದರು ಅತ್ತೆ.

ಕೊನೆಗೆ ಶಹಾಬಾದಿನಿಂದ ಸುದ್ದಿ ಬಂತು. ಅಲ್ಲಿನ ಕಾರ್ಖಾನೆಯ ಇಂಜಿನಿಯರೊಬ್ಬರು ಊರು ಬಿಡುತ್ತಿದ್ದರು, ಸಾಮಾನೆಲ್ಲ ಮಾರುತ್ತಿದ್ದರು. ಅದರಲ್ಲೊಂದು ಒಂಟಿ ನಳಿಗೆಯ ಬಂದೂಕು. ನಳಿಗೆಯ ಕೆಳಗೆ ಕಟ್ಟಿಗೆಯ ಹಿಡಿ. ಹಿಂದಕ್ಕೆಳೆದು ಮುಂದಕ್ಕೆ ದೂಡಿದರೆ ಒಳಗೆ ತುಂಬಿದ ಕಾಡತೂಸು, ಅಂದರೆ ಗುಂಡಿನ ತೋಟಾ, ತಾನೇ ಏರಿ ಕೂಡುತ್ತದೆ. ಅಂಥದ್ದನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಕಾಣದ ಕಾರಣಕ್ಕೇ ಅದು ಅಗ್ಗಕ್ಕೆ ಸಿಕ್ಕಿತು.

ಮಾವನವರು ಅದನ್ನು ಪಡಸಾಲೆಯ ಫರಸಿಕಲ್ಲಿನ ನೆಲದ ಮೇಲೆ ಮಲಗಿಸಿದರು. ಕಾಕಾ ಸುತ್ತ ತಿರುಗಿ ನೋಡಿದರು. ಯಜಮಾನರು ಹಿಡಿ ಎಳೆದರು. ಖಟ್-ಖಟಾರ್! ಹಿತ್ತಲಲ್ಲಿದ್ದ ಎಮ್ಮೆ ಹಗ್ಗ ಜಗ್ಗಿತು.

"ಗುಂಡೇ ಬ್ಯಾಡ," ಎಂದರು ಕಾಕಾ. "ಈ ಸಪ್ಪಳಕ್ಕ ಓಡಿಹೋಗ್ತಾರ."

"ಹಿಡಿಯೋರು ಯಾರು?" ಎಂದು ಅತ್ತೆ ಕೇಳಿದರು.

ಯಜಮಾನರು ವಾಡಿಯ ದಿಕ್ಕು ನೋಡಿದರು, ಮಾವನವರು ಮುಳುಗುತ್ತಿದ್ದ ಹೊತ್ತು ನೋಡಿದರು, ಕಾಕಾ ತಮ್ಮ ಚಪ್ಪಲಿ ಹುಡುಕಿದರು. ಆಮೇಲೆ ಎಲ್ಲರೂ ಬಾಗಿಲ ಸಂದಿಯಲ್ಲಿ ಸೆರಗು ಹೊದ್ದು ನಿಂತಿದ್ದ ನನ್ನ ಕಡೆ ತಿರುಗಿದರು.

ಹಗಲು ಹೊತ್ತಿನಲ್ಲಿ ಮಾವನವರು ಕಲಿಸಿದರು. ಮಾವನ ಮುಂದೆ ಮುಖ ತೋರಿಸಬಾರದು, ಆದರೆ ಗುರಿ ನೋಡಲು ಸೆರಗು ಸರಿಸಬೇಕು. ಅವರು ಗೋಡೆಗೆ ಮುಖ ಮಾಡಿ ನಿಂತು ಹೇಳುವುದು, ನಾನು ಅವರ ಬೆನ್ನಿಗೆ ಹೂಂ ಅನ್ನುವುದು. "ಭುಜಕ್ಕ ಗಟ್ಟಿ ಹಚ್ಚಿ ಹಿಡಿ ತಂಗಿ. ಹಿಡದಿಯೇನು?" "ಹೂಂ ರಿ." ಹಿಡಿದಿದ್ದೆನೋ ಇಲ್ಲವೋ ದೇವರಿಗೇ ಗೊತ್ತು.

ದಸರೆಗೆ ಆಯುಧಗಳ ಖಂಡೆಪೂಜೆ ಬಂತು. ಕುಡುಗೋಲು, ಕುರ್ಪಿ, ಕೊಡಲಿಯ ಸಾಲಿನಲ್ಲಿ ಬಂದೂಕೂ ಕೂತಿತು. ಹಿಂದಿನ ದಿನ ಮಾವನವರು ಅದನ್ನು ಒರೆಸಿ, ಹಿಡಿ ಹಿಂದೆ ಮುಂದೆ ಸರಿಸಿ ಸರಿಸಿ, ಒಳಗೆಲ್ಲ ಮನೆಯ ಕುಸುಬೆ ಎಣ್ಣೆ ಹಚ್ಚಿದ್ದರು. ಅತ್ತೆಯೂ ಕೈ ಕಟ್ಟಿ ಕೂರಲಿಲ್ಲ. "ನಾವು ಉಣ್ಣೋ ಎಣ್ಣಿ, ಅದಕ್ಕೂ ಒಂದೀಟು ಹಾಕ್ರಿ," ಎಂದು ಗಡಿಗೆಯನ್ನೇ ತಂದಿಟ್ಟರು. ವಿಭೂತಿ, ಚೆಂಡುಹೂವು. ಬಂದೂಕು ಮದುಮಗನ ಹಾಗೆ ಹೊಳೆಯಿತು. ಪೂಜೆ ಮುಗಿದ ಮೇಲೆ ಕಾಡತೂಸು ತುಂಬಿ ಗೂಟಕ್ಕೆ ಹಾಕಿದೆವು. ಜೋಳ ಮೊಣಕಾಲೆತ್ತರ ಬರುವ ತನಕ ಅದನ್ನು ಯಾರೂ ಎಳೆದು ನೋಡಲಿಲ್ಲ.

ಒಂದು ಸಂಜೆ ನಾನು ದೀಪ ಹಚ್ಚಿ ತಿರುಗುವಷ್ಟರಲ್ಲಿ ತಲೆಬಾಗಿಲು ಧಡ್ ಎಂದಿತು. ಮತ್ತೆ ಧಡ್.

"ಯಾರ್ರಿ?" ಎಂದರು ಅತ್ತೆ. ಉತ್ತರವಿಲ್ಲ.

ಮಾವನವರು ಕತ್ತಲಲ್ಲಿ ಕಂಬ ಹಿಡಿದುಕೊಂಡು, "ತಂಗಿ, ಬಂದೂಕು!" ಎಂದರು. ಗೂಟದಿಂದ ಇಳಿಸಿದೆ. ಭುಜಕ್ಕೆ ಹಚ್ಚಿದೆ. ಹಿಡಿ ಎಳೆದೆ. ಬರಲಿಲ್ಲ. ಕಾಲು ಒತ್ತಿ ಎಳೆದೆ. ಅರ್ಧಕ್ಕೆ ಬಂದು ಅಲ್ಲೇ ನಿಂತಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

"ಎಳದಿಯೇನು?"

"ಬರವಲ್ದುರಿ!"

"ಜಗ್ಗು!"

"ಜಗ್ಗಾಕತ್ತೀನ್ರಿ!"

ಕೊನೆಗೆ ಅತ್ತೆ ತಾಮ್ರದ ಕೊಡಪಾನವನ್ನು ಫರಸಿಗೆ ಎತ್ತಿ ಹಾಕಿದರು. ಅಂಥ ಸಪ್ಪಳವನ್ನು ನಾನು ಮತ್ತೆಂದೂ ಕೇಳಿಲ್ಲ. ಹೊರಗೆ ಏನೋ ಸರಸರ ಸರಿದು ಹೋಯಿತು. ಬೆಳಿಗ್ಗೆ ನೋಡಿದರೆ ಬಾಗಿಲ ಮುಂದೆ ಚಪ್ಪಲಿ ಗುರುತೂ ಇತ್ತು, ಸೆಗಣಿಯೂ ಇತ್ತು. ಕದಕ್ಕೆ ಮೈ ತಿಕ್ಕಿದ ದನವೋ, ಮನುಷ್ಯರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಯಜಮಾನರಿಗೆ ಹೇಳಿ ಕಳಿಸಿದೆವು. ಅವರು ಬಂದವರೇ, "ಇನ್ನ ಮಾತಿಲ್ಲ. ನಾಳಿ ಗಾಡಿಗೆ ಸೋಲಾಪುರಕ್ಕ ನಡೀರಿ," ಎಂದರು. ಇಂಜಿನಿಯರರು ಮೋಸ ಮಾಡಿದರೆಂದು ಕಾಕಾ ಬೈದರು. ಜೋಡಿ ನಳಿಗೆಯದೇ ತರಬೇಕಿತ್ತೆಂದು ಮಾವನವರು ಹಣೆ ಹಿಡಿದು ಕೂತರು.

ನಾನು ಬಂದೂಕನ್ನು ಹಿತ್ತಲಿಗೆ ಒಯ್ದು ಬೆಳಕಿಗೆ ಹಿಡಿದೆ. ಹಿಡಿಯ ಸಂದಿಯಲ್ಲಿ ಬೆರಳಿಟ್ಟರೆ ಅಂಟಿಕೊಂಡಿತು. ಈ ಕಂದು ಅಂಟು ನನಗೆ ಹೊಸದಲ್ಲ. ದೀಪದ ಮಾಡದಲ್ಲಿ, ಎಣ್ಣೆ ಗಡಿಗೆಯ ಕುತ್ತಿಗೆಗೆ ಇದೇ ಕಟ್ಟುತ್ತಿತ್ತು. ವಾರವಾರ ಬೂದಿ ಹಾಕಿ ತಿಕ್ಕುವವಳು ನಾನೇ ಅಲ್ಲವೇ? ಕುಸುಬೆ ಎಣ್ಣೆ ಒಣಗಿ ಅರಗಿನ ಹಾಗೆ ಹಿಡಿದಿತ್ತು.

"ಅತ್ತಿ, ಇಲ್ಲಿ ನೋಡ್ರಿ."

ಅತ್ತೆ ಮುಟ್ಟಲಿಲ್ಲ, ಮೂಸಿ ನೋಡಿದರು. ಆಮೇಲೆ ಬಾಯಿಗೆ ಸೆರಗು ಹಚ್ಚಿ ನಕ್ಕರು. "ಅಯ್ಯ ಶಿವನೇ, ನಾವೇ ಉಣಿಸಿ ಮಲಗಿಸೀವಿ ಅದನ್ನ!"

ಕಾಡತೂಸು ತೆಗೆಯಲು ಯಜಮಾನರನ್ನು ಕರೆದೆವು. ಆಮೇಲೆ ನಾನು ಕಂದೀಲಿಗೆ ಹಾಕುವ ಚಿಮಣಿ ಎಣ್ಣೆಯಲ್ಲಿ ಚಿಂದಿ ಅದ್ದಿ ತಿಕ್ಕಿದೆ. ಹೊತ್ತು ಇಳಿಯುವಷ್ಟರಲ್ಲಿ ಖಟ್-ಖಟಾರ್ ಎಂದಿತು. ಎಮ್ಮೆ ಮತ್ತೆ ಹಗ್ಗ ಜಗ್ಗಿತು. ಪಡಸಾಲೆಯಲ್ಲಿದ್ದವರೆಲ್ಲ ಹಿತ್ತಲಿಗೆ ಬಂದರು.

ಮಾವನವರು ಈ ಸಲ ಗೋಡೆಗೆ ತಿರುಗಲಿಲ್ಲ. "ತಂಗಿ, ನೀನೇ ಹೇಳು. ಇದನ್ನ ನಂಬಿ ಇರ್ತಿಯೋ, ಸೋಲಾಪುರಕ್ಕ ಹೋಗ್ತಿಯೋ?"

ಹಾಗೆ ಯಾರೂ ನನ್ನನ್ನು ಕೇಳಿರಲಿಲ್ಲ. ನನ್ನ ಕೈಯೆಲ್ಲ ಎಣ್ಣೆ, ಸೆರಗು ಯಾವಾಗಲೋ ಜಾರಿತ್ತು. ಅವರ ಕಣ್ಣು ನೋಡಿದೆ. ಇನ್ನು ಸ್ವಲ್ಪ ಹೊತ್ತಿಗೆ ಆ ಕಣ್ಣಿಗೆ ಹೊಸ್ತಿಲೂ ಕಾಣುವುದಿಲ್ಲ.

"ಬಂದೂಕು ನಂಬಂಗಿಲ್ರಿ," ಎಂದೆ. "ನಿಮ್ಮನ್ನೊಬ್ಬರನ್ನ ಬಿಟ್ಟೂ ಹೋಗಂಗಿಲ್ರಿ."

"ಇದೇನು ಹೌದೋ, ಅಲ್ಲೋ?" ಎಂದರು ಕಾಕಾ.

ಅತ್ತೆ ಕುಸುಬೆ ಎಣ್ಣೆಯ ಗಡಿಗೆ ಎತ್ತಿಕೊಂಡು ಅಡುಗೆಮನೆಗೆ ನಡೆದರು. ಸೋಲಾಪುರದ ಗಾಡಿ ಹಿಡಿಯುವ ಮಾತು ಅಲ್ಲಿಗೇ ನಿಂತಿತು.

ಆ ಬಂದೂಕು ನಮ್ಮ ಮನೆಯಲ್ಲಿ ಒಮ್ಮೆಯೂ ಹಾರಲಿಲ್ಲ. ಒಳ್ಳೆಯ ಬಂದೂಕೇ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ವಾರಕ್ಕೊಮ್ಮೆ ದೀಪದ ಮಾಡ ತಿಕ್ಕಿದ ಮೇಲೆ ಅದನ್ನೂ ಒರೆಸುತ್ತಿದ್ದೆ, ಒಮ್ಮೆ ಎಳೆದು ನೋಡುತ್ತಿದ್ದೆ. ಕೊಡಪಾನವನ್ನೂ ಬಾಗಿಲ ಹತ್ತಿರವೇ ಇಟ್ಟಿರುತ್ತಿದ್ದೆ.